ಕಿಶನ್ ಪುಸ್ತಕದ ಮೂರನೇ ಹಂತ

ತಿರುವನಂತಪುರದ ರೈಲು ಎರ್ನಾಕುಳಂ ಬಿಡುವ ಮೊದಲೇ ಗ್ರೀಷ್ಮಾಳಿಗೆ ಸುಸ್ತಾಗಿತ್ತು. ವಾರವಿಡೀ ಕಲೂರಿನ ಕನ್ನಡಕದ ಅಂಗಡಿಯಲ್ಲಿ ನಿಂತು ದುಡಿದ ಸುಸ್ತು ಬೇರೆ, ಮೊಬೈಲಿನಲ್ಲಿ ಜನರ ಬೈಗುಳ ಓದಿದ ಸುಸ್ತು ಬೇರೆ. ಓದಬೇಡ ಎಂದು ಎಲ್ಲರೂ ಹೇಳಿದ್ದರು. ಆದರೆ ಪುಸ್ತಕ ಬರೆದವಳು ತಾನು. ಓದಿದವರು ಏನಂದರೆಂದು ತಿಳಿಯದೆ ಕೂರುವುದು ಹೇಗೆ?

ಓದಿದವರು ಎಂದರೂ ತಪ್ಪೇ. "ಪುಸ್ತಕ ಓದಿಲ್ಲ, ಓದುವುದೂ ಇಲ್ಲ, ಒಂದು ನಕ್ಷತ್ರ" ಎಂದು ಒಬ್ಬ ಬರೆದಿದ್ದ. "ನಮ್ಮ ಅಣ್ಣನ ಚಪ್ಪಲಿ ಮುಟ್ಟುವ ಯೋಗ್ಯತೆ ನಿನಗಿಲ್ಲ" ಎಂದು ಇನ್ನೊಬ್ಬ. ಪಾರ್ಸೆಲ್ ನೆನೆದು ಬಂತೆಂದು ಒಬ್ಬಾಕೆ ಕೊಟ್ಟಿದ್ದೂ ಒಂದೇ ನಕ್ಷತ್ರ.

ಅಣ್ಣ ಎಂದರೆ ಕಿಶನ್. ಕನ್ನಡದಲ್ಲೂ ಮಲಯಾಳದಲ್ಲೂ ಹಾಡಿ ಹೆಸರು ಮಾಡಿದ ಪಾಪ್ ಗಾಯಕ, ಗ್ರೀಷ್ಮಾಳ ಊರಾದ ಕಾಸರಗೋಡಿನವನೇ. ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದ ಅವಳು ಸಿಕ್ಕಿದ ರಜೆಗಳನ್ನೆಲ್ಲ ಸುರಿದು ಕನ್ನಡದಲ್ಲಿ ಅವನ ಜೀವನಚರಿತ್ರೆ ಬರೆದಿದ್ದಳು. ಜಗಳವೆಲ್ಲ ಅದರ ಏಳನೇ ಅಧ್ಯಾಯದ್ದು. ಗಂಟಲು ಕೆಟ್ಟು ಸ್ವರವೇ ಹೊರಡದ ಕಾಲದಲ್ಲಿ ಕಿಶನ್ ವೇದಿಕೆಯ ಮೇಲೆ ಬರೀ ತುಟಿ ಆಡಿಸಿದ್ದ. ಜನ ಕೇಳಿದ್ದು ಮೊದಲೇ ರೆಕಾರ್ಡ್ ಮಾಡಿಟ್ಟ ಹಾಡು. ಆಮೇಲೆ ನಾಚಿಕೆಯಾಗಿ ತಿರುವನಂತಪುರದ ಹತ್ತಿರದ ವಿಳಿಂಜಂನಲ್ಲಿ ಕೋಣೆ ಹಿಡಿದು, ಹೊಸಬನ ಹಾಗೆ ಸರಿಗಮದಿಂದ ಶುರುಮಾಡಿದ್ದ. ಇದನ್ನೆಲ್ಲ ಹೇಳಿದವನೂ ಅವನೇ, "ಬರಿ ಅಕ್ಕ, ಬಿಡಬೇಡ" ಎಂದವನೂ ಅವನೇ. ಆ ಅಧ್ಯಾಯಕ್ಕಾಗಿಯೇ ಗ್ರೀಷ್ಮಾ ಇಡೀ ಪುಸ್ತಕ ಬರೆದದ್ದು.

ಈಗ ಎರಡನೇ ಮುದ್ರಣದಲ್ಲಿ ಅದನ್ನು ತೆಗೆಯಬೇಕೆಂದು ಪ್ರಕಾಶಕ ವಿನ್ಸೆಂಟ್ ಹಟ ಹಿಡಿದಿದ್ದ. "ಕೊಳ್ಳುವವರು ಅಭಿಮಾನಿಗಳು ಮಗಳೇ, ನಿನ್ನ ಮನಸ್ಸಾಕ್ಷಿ ಅಲ್ಲ," ಎಂದು ಪಾಲಾರಿವಟ್ಟಂ ಆಫೀಸಿನಲ್ಲಿ ಚಹಾ ಹೀರುತ್ತ ಮಲಯಾಳದಲ್ಲಿ ಹೇಳಿದ್ದ. ಅವಳ ಮುಖ ನೋಡಿ ಒಂದಿಷ್ಟು ಸಡಿಲಿಸಿದ್ದ. "ತಿರುವನಂತಪುರದ ನಿಮ್ಮ ಕನ್ನಡ ಸಂಘದವರು ಪುಸ್ತಕ ಓದುತ್ತಿದ್ದಾರಂತಲ್ಲ? ಅವರು ಅಭಿಮಾನಿಗಳಲ್ಲ. ಅವರು ಬೇಕೆಂದರೆ ಇಡೋಣ."

ಅಷ್ಟನ್ನು ನಂಬಿ ಅವಳು ರೈಲು ಹತ್ತಿದ್ದಳು. ದಾರಿಯುದ್ದಕ್ಕೂ ಒಂದೇ ಚಿಂತೆ: ತಪ್ಪು ಅಧ್ಯಾಯದ್ದಲ್ಲದೆ ತನ್ನ ಬರವಣಿಗೆಯದ್ದೇ ಆಗಿದ್ದರೆ?

ಸಂಘದ ಸಭೆ ಅಚ್ಯುತ ಅವರ ಮನೆಯ ಮಹಡಿಯಲ್ಲಿ. ರಾಕೆಟ್ ಕೇಂದ್ರದಿಂದ ನಿವೃತ್ತರಾದ ಅವರು ಎಲ್ಲರ ಕೈಗೂ ಬಾಳೆಹಣ್ಣಿನ ಬಜ್ಜಿ, ಪಳಂಪೊರಿ, ಕೊಟ್ಟು, "ಶ್ರೀಪತಿಯವರೇ, ಶುರು ಮಾಡಿ" ಎಂದರು.

ಧಾರವಾಡದಿಂದ ವರ್ಗವಾಗಿ ಬಂದಿದ್ದ ಶ್ರೀಪತಿ ಗಂಟಲು ಸರಿಮಾಡಿಕೊಂಡರು. "ಭಾಳ ಛಲೋ ಬರದೀರಿ ಬಿಡ್ರಿ ತಂಗಿ. ಎಂಥಾ ಬಂಗಾರದಂಥ ಹುಡುಗ ಅಂತೀನಿ! ಸುಳ್ಳ ಅನ್ನೂದು ಅವನ ಹತ್ರಾನ ಸುಳಿಯಂಗಿಲ್ಲ."

ಗ್ರೀಷ್ಮಾ ತಬ್ಬಿಬ್ಬಾದಳು. ಏಳನೇ ಅಧ್ಯಾಯ ಓದಿ ಹೀಗನ್ನುವುದುಂಟೇ?

"ನಾನು ಒಪ್ಪಲ್ಲಪ್ಪ," ಎಂದರು ಅಚ್ಯುತ. "ಕೊನೇಲಿ ಸಾವಿರಾರು ಜನರ ಮುಂದೆ ಮಂಡಿ ಊರಿ ಕ್ಷಮಿಸಿ ಅಂತ ಅಳ್ತಾನೆ. ಯಾಕಮ್ಮ? ಏನು ಮಾಡಿದ್ದ ಅಂತ ಅಳ್ಬೇಕು? ನಾಟಕ ಅನ್ನಿಸ್ತು ನಂಗೆ. ಬೇಜಾರು ಮಾಡ್ಕೋಬೇಡಿ."

"ಅಂಕಲ್, ಅದು ಏಳನೇ ಅಧ್ಯಾಯದಲ್ಲಿ ಉಂಟಲ್ಲ..." ಅವಳ ಧ್ವನಿ ಸಣ್ಣಗಾಯಿತು. "ಸರಿಯಾಗಿ ಬರ್ಲಿಲ್ವಾ?"

"ಏಳು ಯಾವ ಹಂತದಲ್ಲಿ ಬರತ್ತೆ?"

"ಹಂತ ಅಂದ್ರೆ ಎಂಥದು?"

ಅಚ್ಯುತ ಉತ್ಸಾಹದಿಂದ ಕಪಾಟು ತೆರೆದರು. ದಪ್ಪ ಪುಸ್ತಕ ಒಂದೊಂದು ಮನೆಯಲ್ಲಿ ತಿಂಗಳುಗಟ್ಟಲೆ ಕೂರುತ್ತದೆಂದು ಅವರು ಸಂಘಕ್ಕೆ ಒಂದು ಪದ್ಧತಿ ಮಾಡಿದ್ದರು: ಬೆನ್ನು ಬಿಚ್ಚಿ ನಾಲ್ಕು ಭಾಗ ಮಾಡುವುದು, ಒಂದೊಂದಕ್ಕೂ ಕಂದು ಕಾಗದದ ರಟ್ಟು ಹಾಕಿ ಹೊಲಿಯುವುದು, ಮನೆಯಿಂದ ಮನೆಗೆ ದಾಟಿಸುವುದು. ಭಾಗಕ್ಕೆ ಅವರಿಟ್ಟ ಹೆಸರು ಹಂತ. ರಾಕೆಟ್ಟಿಗೆ ಇರುವ ಹಾಗೆ. ಕಪಾಟಿನಲ್ಲಿ ಒಂದು, ಎರಡು, ನಾಲ್ಕು ಇದ್ದವು. ಏಳನೇ ಅಧ್ಯಾಯವಿದ್ದ ಮೂರು ಇರಲಿಲ್ಲ. ತನ್ನ ಪುಸ್ತಕದ ಸೀಳಿದ ಬೆನ್ನು ನೋಡಿ ಗ್ರೀಷ್ಮಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಮೂರನೇದು ಉರಿದೇ ಇಲ್ಲ ನೋಡ್ರಿ," ಎಂದು ಶ್ರೀಪತಿ ಅಚ್ಯುತರನ್ನು ಕಿಚಾಯಿಸಿದರು. "ಮತ್ತ ಕಕ್ಷೆಗೆ ಹೆಂಗ ಸೇರತೈತಿ?"

"ಮೂರು ನನ್ನ ಹತ್ರ ಇದೆ," ಎಂದರು ಮೂಲೆಯ ಕುರ್ಚಿಯಲ್ಲಿದ್ದ ರತ್ನಮ್ಮ. ಮೈಸೂರಿನ ಅವರು ಇಲ್ಲಿ ಮಗಳ ಮನೆಯಲ್ಲಿದ್ದರು. ಕಂದು ರಟ್ಟಿನ ಆ ಭಾಗ ಅವರ ಮಡಿಲಲ್ಲೇ ಇತ್ತು.

"ಎಲ್ಲರೂ ಕಾಯ್ತಿದ್ವಲ್ಲಮ್ಮ!" ಎಂದರು ಅಚ್ಯುತ.

"ಕಾಯಿರಿ. ಮೊಮ್ಮಗಳಿಗೆ ಅವನು ಅಂದ್ರೆ ಪ್ರಾಣ. ಅವಳಿಗೆ ಕನ್ನಡ ಓದಕ್ಕೆ ಬರಲ್ಲ. ನಾನು ಜೋರಾಗಿ ಓದ್ಬೇಕು, ಅವಳು ಮಲಯಾಳದಲ್ಲಿ ಜಗಳ ಆಡ್ಬೇಕು." ರತ್ನಮ್ಮ ಗ್ರೀಷ್ಮಾಳ ಕಡೆ ತಿರುಗಿದರು. "ಬರೀ ತುಟಿ ಆಡಿಸ್ದ ಅಂತ ಓದಿದ ದಿನ ಅವನ ಚಿತ್ರ ಕಿತ್ತು ಹಾಕಿದ್ಲು. ಬರೆದವಳಿಗೂ ಬೈದ್ಲು, ಸುಳ್ಳು ಯಾಕೆ ಹೇಳಲಿ. ಮಾರನೇ ದಿನ ಮತ್ತೆ ಬಂದು ಕೂತ್ಕೊಂಡ್ಲು, 'ಬಾಕ್ಕಿ ವಾಯಿಕ್ಕ್ ಅಮ್ಮೂಮ್ಮೇ' ಅಂತ. ಮುಂದೆ ಓದಬೇಕಂತೆ. ವಿಳಿಂಜಂ ಭಾಗ ಮುಗಿಯೋ ತನಕ ಕೊಡಲ್ಲ ನಾನು."

"ನಿಮಗೆ ಹೇಗನ್ನಿಸ್ತು ಅಮ್ಮ?"

"ವಾಕ್ಯ ಉದ್ದ. ಉಸಿರು ಕಟ್ಟತ್ತೆ," ಎಂದರು ರತ್ನಮ್ಮ.

ಗ್ರೀಷ್ಮಾ ಮೆಟ್ಟಿಲಿಗೆ ಬಂದು ವಿನ್ಸೆಂಟನಿಗೆ ಫೋನ್ ಮಾಡಿದಳು. ಎಲ್ಲರೂ ಮೆಚ್ಚಿದರು ಎಂದುಬಿಡಬಹುದಿತ್ತು. ಅವಳಿಂದ ಆಗಲಿಲ್ಲ.

"ಆ ಅಧ್ಯಾಯ ಓದಿದ್ದು ಒಂದೇ ಮನೆಯವರು," ಎಂದಳು.

"ನೋಡಿದೆಯಾ?"

"ಉಳಿದವರು ಓದಿದ್ದು ನೀವು ಮಾಡಬೇಕೆಂದಿರುವ ಪುಸ್ತಕ, ವಿನ್ಸೆಂಟ್ ಚೇಟ್ಟಾ. ಅದಿಲ್ಲದ್ದು. ಅವನು ಯಾಕೆ ಅಳುತ್ತಾನೆಂದೇ ಅವರಿಗೆ ತಿಳಿಯಲಿಲ್ಲ. ನಾಟಕ ಅಂದರು."

"ಅಳುವುದನ್ನೂ ತೆಗೆದರಾಯ್ತು."

ಅವಳು ಗೋಡೆಗೆ ಒರಗಿದಳು. ವಾದ ಮಾಡುವ ಶಕ್ತಿ ಉಳಿದಿರಲಿಲ್ಲ. "ಹಾಗಾದರೆ ನನ್ನ ಹೆಸರನ್ನೂ ತೆಗೆಯಿರಿ," ಎಂದಳು.

ಆ ಕಡೆ ವಿನ್ಸೆಂಟ್ ಚಹಾ ಹೀರಿದ ಸದ್ದು ಕೇಳಿತು.

"ಇರಲಿ, ಇಡೋಣ," ಎಂದ ವಿನ್ಸೆಂಟ್ ಕೊನೆಗೆ. "ಆದರೆ ಬೈಗುಳ ಬಂದರೆ ನನ್ನ ಹತ್ತಿರ ಅಳುತ್ತ ಬರಬೇಡ. ನೀನೇ ಓದಿಕೋ."

"ಓದ್ತೇನೆ."

ವಾಪಸು ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಣ್ಣು ಮುಚ್ಚಬೇಕೆಂದುಕೊಳ್ಳುವಷ್ಟರಲ್ಲಿ ಮೊಬೈಲು ಮಿನುಗಿತು: ಹೊಸ ಅಭಿಪ್ರಾಯ, ಒಂದು ನಕ್ಷತ್ರ, ಉದ್ದ ಬರಹ. ಗ್ರೀಷ್ಮಾ ಕನ್ನಡಕ ಒರೆಸಿಕೊಂಡು ಮೊದಲಿನಿಂದ ಓದತೊಡಗಿದಳು. ಇದನ್ನು ಬರೆದವನ ವಾಕ್ಯಗಳೂ ಉದ್ದವೇ ಇದ್ದವು.