ಗಿಡ್ಡಪ್ಪನ ಕ್ವಾರ್ಟರ್

“ಬೆಂಕಿ ಇದ್ರೂ ಹೊಗೆ ಆಡಾಕಿಲ್ಲ ಅಂತ ಗಾದೇನೇ ಐತಲ್ರೀ,” ಎನ್ನುತ್ತ ನಿಂಗರಾಜ್ ಬಿದಿರಿನ ಗಳಕ್ಕೆ ಮಚ್ಚು ಬೀಸಿದ.

“ಗಾದೆ ಹಂಗಿಲ್ಲ ಕಣೋ,” ಎಂದರು ಹಗ್ಗ ಬಿಡಿಸುತ್ತಿದ್ದ ಜಯದೇವಪ್ಪ. ಎದುರಿನ ಗೊಬ್ಬರದಂಗಡಿ ಅವರದು.

“ನನ್ನ ಮೀಸೆ ಹೋದ ದಿನದಿಂದ ಹಂಗೇ ಐತೆ. ಕೇಳ್ರಿ, ಸುಳ್ಳಲ್ಲ, ಹೆಣದ ಮುಂದೆ ಕೂತು ಹೇಳ್ತಿದೀನಿ.”

ಚನ್ನಗಿರಿಯಿಂದ ಸಂತೇಬೆನ್ನೂರಿಗೆ ಹೋಗುವ ರಸ್ತೆಯಲ್ಲಿ, ತನ್ನದೇ ಗ್ಯಾರೇಜಿನ ಮುಂದೆ, ಮೆಕ್ಯಾನಿಕ್ ಗಿಡ್ಡಪ್ಪ ಬೆಂಚಿನ ಮೇಲೆ ಮಲಗಿದ್ದ. ಹಣೆಗೆ ವಿಭೂತಿ ಬಂದಿತ್ತು, ಕೊರಳಿಗೆ ಹಾರ ಬಂದಿತ್ತು; ಉಗುರಿನೊಳಗಿನ ಕಪ್ಪು ಮಾತ್ರ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಹೆಂಡತಿ ಮಕ್ಕಳಿಲ್ಲದವನು. ಬೆಳಗ್ಗೆ ಪಕ್ಕದ ಪಂಚರ್ ಅಂಗಡಿಯ ನಿಂಗರಾಜ್ ಚಹಾ ತಂದಾಗ, ಬಿಚ್ಚಿದ ಕಾರ್ಬುರೇಟರನ್ನು ತೊಡೆಯ ಮೇಲಿಟ್ಟುಕೊಂಡೇ ಗಿಡ್ಡಪ್ಪ ಜೀವ ಬಿಟ್ಟಿದ್ದ. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿಹೋಗಿದ್ದರು. ಇನ್ನು ಜಗಳೂರಿನಿಂದ ಅಕ್ಕ ಬೊಮ್ಮಕ್ಕ ಬಂದರೆ ಎತ್ತುವುದೇ.

ನಿಂಗರಾಜ್ ಗಿಡ್ಡಪ್ಪನ ಮೂಗುದನಿ ತೆಗೆದ. “‘ನಿಂಗಾ, ಈ ಮುಚ್ಚಳದಾಗೆ ಏನಾರ ಕಾಣ್ತೈತಾ?’ ಅಂದ. ‘ಏನೂ ಇಲ್ಲ ಗಿಡ್ಡಣ್ಣ’ ಅಂತ ಬಗ್ಗಿದೆ ನೋಡ್ರಿ, ಅರ್ಧ ಮೀಸೆ ಚುರ್ ಅಂತು! ಮಟಮಟ ಮಧ್ಯಾಹ್ನ. ಉರೀನೂ ಕಾಣಾಕಿಲ್ಲ, ಹೊಗೇನೂ ಇಲ್ಲ. ‘ಮೆಥನಾಲ್ ಕಣಲೇ’ ಅಂತ ಹಲ್ಲು ಕಿರಿದ!”

ಕೂತಿದ್ದವರು ನಕ್ಕರು. ದನಿ ಎಷ್ಟು ಗಿಡ್ಡಪ್ಪನದಾಗಿತ್ತೆಂದರೆ, ಜಯದೇವಪ್ಪ ಒಮ್ಮೆ ಬೆಂಚಿನ ಕಡೆ ನೋಡಿದರು. ಆಮೇಲೆ ಯಾರೂ ನಗಲಿಲ್ಲ. ನಿಂಗರಾಜ್ ಮಚ್ಚು ಕೆಳಗಿಟ್ಟು, “ಒಂದೀಟು ಬತ್ತೀನಿ,” ಎಂದು ಗ್ಯಾರೇಜಿನ ಒಳಗೆ ಹೋದ.

*

ಮೂರು ಮಳೆಗಾಲದ ಹಿಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಅರುಣಾ ಕೆಟ್ಟ ಸ್ಕೂಟರನ್ನು ಇಲ್ಲಿಗೆ ತಳ್ಳಿಕೊಂಡು ಬಂದಿದ್ದಳು. ಗಿಡ್ಡಪ್ಪ ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಬಸಿದು ಬೆಳಕಿಗೆ ಹಿಡಿದ. ಮೇಲೊಂದು ಪದರ, ತಳದಲ್ಲೊಂದು ಪದರ.

“ಇದ್ಯಾಕ್ರೀ ಮೇಡಂ, ಅಣ್ಣತಮ್ಮ ಬ್ಯಾರೆ ಆದಂಗೆ?”

ಪೆಟ್ರೋಲಿಗೆ ಆಲ್ಕೋಹಾಲು ಬೆರೆಸುತ್ತಾರೆ, ಅದಕ್ಕೆ ನೀರೆಂದರೆ ಪ್ರಾಣ, ನೀರು ಹೆಚ್ಚಾದರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ ಎಂದು ಅವಳು ಹೇಳಿದಳು. ಆವತ್ತಿನಿಂದ ಗಿಡ್ಡಪ್ಪನಿಗೆ ಹುಚ್ಚು ಹತ್ತಿತು. ಆಲ್ಕೋಹಾಲುಗಳಲ್ಲೆಲ್ಲ ಚಿಕ್ಕದು ಮೆಥನಾಲ್, ಅದನ್ನೂ ಇಂಧನಕ್ಕೆ ಬೆರೆಸುತ್ತಾರೆ ಎಂದು ತಿಳಿದದ್ದೇ ಹರಿಹರದ ಪರಿಚಯದವರಿಂದ ಒಂದು ಕ್ಯಾನ್ ತರಿಸಿದ. ನೂರಕ್ಕೆ ಹದಿನೈದು ಪಾಲು ಬೆರೆಸಿ ಹಳೇ ಮೊಪೆಡ್ಡಿಗೆ ಹಾಕಿಕೊಂಡು ಹೊನ್ನಾಳಿ ದಾಟಿದ. ನ್ಯಾಮತಿ ಹತ್ತಿರ ರಬ್ಬರ್ ಪೈಪು ಉಬ್ಬಿ ಸೋರಿತು. ಮೊಪೆಡ್ಡನ್ನು ಲಾರಿಗೆ ಹೇರಿಕೊಂಡು ಬಂದವನ ಮುಖದಲ್ಲಿ ಮದುವೆಯ ಕಳೆ.

“ಏರಿನಾಗೆ ಇಂಜಿನ್ ಕಟಕಟ ಅನ್ನಲೇ ಇಲ್ಲ ಮೇಡಂ! ಆದ್ರೆ ಎಣ್ಣೆ ಜಾಸ್ತಿ ಕುಡೀತೈತೆ.”

“ಪೆಟ್ರೋಲಿನ ಅರ್ಧದಷ್ಟು ಶಕ್ತಿ ಅದಕ್ಕೆ. ಕುಡಿಯೋದೇ. ಆದರೆ ಮನುಷ್ಯರು ಕುಡಿದರೆ ಕಣ್ಣು ಹೋಗುತ್ತೆ, ಆಮೇಲೆ ಜೀವ. ಎರಡು ಗುಟುಕು ಸಾಕು.”

“ಕುಡಿದವ್ನಿಗೆ ಗೊತ್ತಾಗಾಕಿಲ್ವಾ?”

“ಇಲ್ಲ. ನೋಡೋಕೆ ನೀರು, ವಾಸನೆ ಸಾರಾಯಿದೇ. ಅರ್ಧ ದಿನ ಚೆನ್ನಾಗೇ ಇರ್ತಾರೆ.”

ಗಿಡ್ಡಪ್ಪ ಪಕ್ಕದ ಪಂಚರ್ ಅಂಗಡಿಯ ಕಡೆ ನೋಡುತ್ತ ಬಹಳ ಹೊತ್ತು ಕೈ ಒರೆಸಿಕೊಂಡ. ಮುಂದಿನ ವಾರ ಸಿಕ್ಕಾಗ, “ಬಣ್ಣ ಹಾಕಿಟ್ಟೀನಿ ಮೇಡಂ, ಯಾರೂ ಮೋಸ ಹೋಗಬಾರ್ದು,” ಎಂದ. ಯಾವ ಬಣ್ಣವೆಂದು ಅವಳು ಕೇಳಲಿಲ್ಲ.

*

ಇವತ್ತು ಅರುಣಾ ಹೆಣಕ್ಕೆ ಹಾರ ಹಾಕಿ, ಆ ಕ್ಯಾನನ್ನು ಯಾರೂ ಮುಟ್ಟದ ಹಾಗೆ ತೆಗೆದಿರಿಸೋಣವೆಂದು ಒಳಗೆ ಹೋದಳು. ನಿಂಗರಾಜ್ ಟೈರುಗಳ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಕ್ವಾರ್ಟರ್ ಬಾಟಲಿ, ಒಳಗೆ ಕಂದು ಬಣ್ಣದ್ದೇನೋ. ಮುಖ ಕಿವುಚಿಕೊಂಡಿದ್ದ.

“ಎಲ್ಲಿತ್ತು ಅದು?”

“ಕ್ಯಾನಿನ ಮಗ್ಗುಲಿಗೇ ಮೇಡಂ. ಬೈಬ್ಯಾಡ್ರಿ, ದುಃಖಕ್ಕೆ ಎರಡು ಗುಟುಕು...”

“ಗಿಡ್ಡಪ್ಪ ಕುಡಿಯೋರಲ್ಲ!”

“ಅದೇ ನಾನೂ ಅನ್ಕೊಂಡೆ, ಯಾರಿಗಿಟ್ಟಿದ್ದ ಅಂತ.”

“ಬಣ್ಣ ಹಾಕಿದೀನಿ ಅಂದಿದ್ದು ಇದಕ್ಕೇ...” ಅರುಣಾ ಬಾಟಲಿ ಕಿತ್ತುಕೊಂಡಳು. “ಮೆಥನಾಲ್ ಇದ್ದೀತು ನಿಂಗರಾಜ್! ಏಳಿ, ಆಸ್ಪತ್ರೆಗೆ ಹೋಗಬೇಕು, ಈಗಲೇ!”

ಜಯದೇವಪ್ಪ ಗೊಬ್ಬರದ ಪಿಕಪ್ ತರಲು ಓಡಿದರು. ಉಳಿದವರು ನಿಂಗರಾಜನನ್ನು ಹೊರಗೆ ತಂದು ಕೂರಿಸಿದರು. ಅವನು ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. “ಮಂಜು ಮಂಜು ಆಗ್ತೈತೆ ಮೇಡಂ... ಗಿಡ್ಡಣ್ಣನ ಮುಖ ಸರಿ ಕಾಣವಲ್ದು.” ಅದು ಕಣ್ಣೀರೆಂದು ಯಾರಿಗೂ ಹೊಳೆಯಲಿಲ್ಲ, ಅವನಿಗಂತೂ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಬಸ್ಸಿಳಿದು ಬಂದ ಬೊಮ್ಮಕ್ಕ ತಮ್ಮನ ಎದೆಯ ಮೇಲೆ ಬಿದ್ದು ಅತ್ತಳು. ಅತ್ತು ತಲೆ ಎತ್ತಿದರೆ ಯಾರೂ ಹೆಣದ ಕಡೆ ನೋಡುತ್ತಿಲ್ಲ, ಎಲ್ಲರೂ ಒಂದು ಬಾಟಲಿಯನ್ನು ನೋಡುತ್ತಿದ್ದಾರೆ. ಎದ್ದು ಬಂದು ಅರುಣಾಳ ಕೈಯಿಂದ ಕಸಿದು ಮೂಸಿದಳು. “ಬೇಡ!” ಎನ್ನುವಷ್ಟರಲ್ಲಿ ಬೆರಳದ್ದಿ ನಾಲಗೆಗೆ ಇಟ್ಟಾಗಿತ್ತು.

“ಎಲಾ ಇವನ! ಇದು ನೆಲಬೇವಿನ ಕಷಾಯ! ಸಕ್ಕರೆ ಕಾಯಿಲೆಗೆ ಅಂತ ತಿಂಗಳಾ ತಿಂಗಳಾ ಸೊಪ್ಪು ಕಳಿಸ್ತಿದ್ದೆ. ಒಂದಿನಾನೂ ಕುಡೀಲಿಲ್ವಲ್ಲೋ ಗಿಡ್ಡಾ!”

ಅರುಣಾ ಒಳಗೋಡಿ ಕ್ಯಾನ್ ಬಗ್ಗಿಸಿದಳು. ಮುಚ್ಚಳಕ್ಕೆ ಬಿದ್ದದ್ದು ಶಾಯಿಯಂಥ ನೀಲಿ. ಗಿಡ್ಡಪ್ಪ ಹಾಕಿದ್ದ ಬಣ್ಣ ಇದು, ಕಂದಲ್ಲ; ಅವಳು ಮುಚ್ಚಳ ಬಿಗಿದು ಕ್ಯಾನನ್ನು ಬದಿಗಿಟ್ಟಳು. ಹೊರಗೆ ಬಂದು ಬೊಮ್ಮಕ್ಕನಿಂದ ಬಾಟಲಿಯನ್ನು ಇಸಿದುಕೊಂಡು ತಿರುಗಿಸಿದಾಗ ಹಿಂಬದಿಯಲ್ಲಿ ಟೇಪು ಸುತ್ತಿದ ಚೀಟಿ ಕಂಡಿತು. ಅಂಚಿನಲ್ಲಿ ಗ್ರೀಸಿನ ಹೆಬ್ಬೆರಳ ಗುರುತು. ಅವಳು ಗಟ್ಟಿಯಾಗಿ ಓದಿದಳು:

“ನಿಂಗಾ, ಕದಿಯಾಕೆ ಬರ್ತೀಯ ಅಂತ ಗೊತ್ತು. ಕಹಿ ಐತಾ? ಕುಡಿ, ಒಳ್ಳೇದು. ಕ್ಯಾನ್ ಮಾತ್ರ ಮುಟ್ಟಬ್ಯಾಡ, ಸಾಯ್ತೀಯ. ನೀನು ಸತ್ರೆ ಸಂಜೆ ಚಾ ನಾನೊಬ್ನೇ ಕುಡೀಬೇಕಾಗ್ತೈತೆ.”

ರಸ್ತೆಯಲ್ಲಿ ಜಯದೇವಪ್ಪನ ಪಿಕಪ್ ಹಾರನ್ ಹೊಡೆಯುತ್ತ ಬಂದು ನಿಂತಿತು.

ನಿಂಗರಾಜನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ. “ಲೇ ಗಿಡ್ಡಣ್ಣಾ,” ಎಂದವನು ನೆಲಕ್ಕೆ ಕಹಿ ಉಗುಳಿ ನಗತೊಡಗಿದ. ಬೊಮ್ಮಕ್ಕ ಸೆರಗು ಬಾಯಿಗೊತ್ತಿಕೊಂಡು ಬಿಕ್ಕುತ್ತಲೇ ನಕ್ಕಳು, ಉಳಿದವರೂ ನಕ್ಕರು. ಎಲ್ಲರದೂ ನಿಂತಿತು, ಅವನದು ನಿಲ್ಲಲಿಲ್ಲ.

ಎತ್ತುವಾಗ ಚಟ್ಟದ ಮುಂದಿನ ಎಡಗಡೆಗೆ ಅವನೇ ಹೆಗಲು ಕೊಟ್ಟ. ಡೊಳ್ಳಿಲ್ಲ, ಭಜನೆಯಿಲ್ಲ, ಹಿಂದೆ ಹತ್ತು ಹನ್ನೊಂದು ಜನ. ಬಿಸಿಲಿನ ರಸ್ತೆಯುದ್ದಕ್ಕೂ ಅವನ ನಗೆಯೊಂದೇ ಕೇಳುತ್ತಿತ್ತು. ಆ ನಗೆಗೆ ಗಳ ಅಲುಗುತ್ತಿತ್ತು. ಗಳದ ಮೇಲೆ ಗಿಡ್ಡಪ್ಪನೂ ಮೈಯೆಲ್ಲ ಕುಲುಕಿಸುತ್ತ ಸಾಗಿದ.