ಗೂಢಚಾರಿಣಿಯ ಪಾರ್ಕಿಂಗ್ ಪಾಠ

೧

ಎಲ್ಲಿಂದ ಶುರು ಮಾಡುವುದು? ನಕ್ಷತ್ರದಿಂದಲೋ, ಕ್ಲಚ್ಚಿನಿಂದಲೋ?

ನಕ್ಷತ್ರದಿಂದ ಹೊರಟರೆ ಕಥೆಗೊಂದು ಗಾಂಭೀರ್ಯ ಬರುತ್ತದೆ. ಮೊದಲ ಕರಡು ಹೀಗಿತ್ತು: ‘ಮಾನವಕುಲ ಭೂಮಿಯನ್ನು ಮರೆತು ಒಂಬತ್ತು ಸಾವಿರ ವರ್ಷಗಳಾಗಿದ್ದವು. ಅವಳಿ ಸೂರ್ಯರ ನಡುವೆ ತೂಗುತ್ತಿದ್ದ ಉಕ್ಕಿನ ಕೋಟೆಯ ಮಹಾದ್ವಾರದಲ್ಲಿ ಆಕೆ ಒಬ್ಬಳೇ ನಿಂತಿದ್ದಳು, ಕೈಯಲ್ಲಿ ವಿನಾಶದ ಕೀಲಿ.’

ಕಥಾನಾಯಕಿಗೆ ಓದಿ ಹೇಳಿದೆ.

“ನಿಂತಿರಲಿಲ್ಲ, ಕೂತಿದ್ದೆ” ಅಂದರು. “ಪ್ಲಾಸ್ಟಿಕ್ ಕುರ್ಚಿ, ಬೆನ್ನಿಗೆ ದಿಂಬು. ಮಾನವಕುಲ ಭೂಮೀನ ಮರೆತಿದ್ರೆ ಮರೀಲಿ. ನನ್ನ ಸೊಂಟನೋವು ನನ್ನನ್ನ ಮರೆಯಲ್ಲ.”

(ಪಾತ್ರಗಳಿಗೆ ಕರಡು ಓದಿ ತೋರಿಸಬಾರದು ಎಂದು ಬಲ್ಲವರು ಹೇಳುತ್ತಾರೆ. ಅವರು ಒಮ್ಮೆ ತೋರಿಸಿ ಅನುಭವಿಸಿದವರೇ ಇರಬೇಕು.)

೧, ಮತ್ತೊಮ್ಮೆ

ಸರಿ, ಕ್ಲಚ್ಚಿನಿಂದಲೇ.

ಈಕೆ ಇಪ್ಪತ್ತಾರು ವರ್ಷದಿಂದ ಕಾರು ಕಲಿಸುವವರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂರುತ್ತಾರೆ; ಅವರ ಕಾಲ ಬುಡದಲ್ಲೂ ಒಂದು ಬ್ರೇಕ್ ಇದೆ. ಜಗತ್ತಿನ ಅರ್ಧ ಅಪಘಾತಗಳು ಆ ಬಲಗಾಲಿನ ಕೆಳಗೆ ಸತ್ತುಹೋಗಿವೆ ಎಂಬುದು ಅವರ ನಂಬಿಕೆ. ಊರೆಲ್ಲ ಅವರನ್ನು ಟೀಚರ್ ಎನ್ನುತ್ತದೆ. ನಾನೂ ಹಾಗೇ ಕರೆಯುತ್ತೇನೆ. ಹಾಗೆ ಕರೆದರೆ ಸ್ವಲ್ಪ ಕಡಿಮೆ ಬೈಯುತ್ತಾರೆ.

ಅವರೊಂದಿಗೆ ಇರುವವನು ತಮ್ಮ, ಲಿಫ್ಟ್ ಮೆಕ್ಯಾನಿಕ್. ಒಂದೇ ಮನೆ, ಅಕ್ಕಪಕ್ಕದ ಎರಡು ಕೋಣೆ. ನಡುವಿನ ಗೋಡೆ ಎಷ್ಟು ತೆಳುವೆಂದರೆ ಆಚೆ ಸೀನಿದರೆ ಈಚೆ ‘ಚಿರಂಜೀವಿ’ ಅನ್ನಬಹುದು.

ಇಬ್ಬರಿಗೂ ಒಂದೇ ಹುಚ್ಚು. ಅಂತರ್ಜಾಲದಲ್ಲಿ ಸಾವಿರಾರು ಜನ ಏಕಕಾಲಕ್ಕೆ ಆಡುವ ಒಂದು ಆಟ. ಅದರಲ್ಲಿ ಒಂದು ಇಡೀ ವಿಶ್ವವಿದೆ: ನಕ್ಷತ್ರಗಳು, ನೌಕೆಗಳು, ಜನರೇ ಗುಂಪುಕಟ್ಟಿ ವರ್ಷಗಟ್ಟಲೆ ಕೂತು ಕಟ್ಟಿದ ನಿಲ್ದಾಣಗಳು. ಒಂದೊಂದು ಗುಂಪಿಗೆ ಒಂದೊಂದು ಪಡೆ. ಪಡೆ ಪಡೆಗೂ ಜಗಳ. ಆಟದ ನಿಯಮಗಳಲ್ಲಿ ನೀವು ನೆನಪಿಡಬೇಕಾದದ್ದು ಒಂದೇ: ಅಲ್ಲಿ ಒಡೆದದ್ದು ಮತ್ತೆ ಬರುವುದಿಲ್ಲ. ಮೊದಲಿನಿಂದ ಆಡುತ್ತೇನೆ ಅನ್ನುವಂತಿಲ್ಲ. ಹೋದದ್ದು ಹೋಯಿತು.

೨

ನಾಲ್ಕು ವರ್ಷದ ಹಿಂದೆ, ತನ್ನ ಪಡೆಯ ಸೇನಾಪತಿಯಾದ ತಮ್ಮನೇ ಅಕ್ಕನನ್ನು ಶತ್ರು ಪಡೆಯೊಳಗೆ ಬಿಟ್ಟ.

“ನಿನ್ನ ಮೇಲೆ ಯಾರಿಗೂ ಅನುಮಾನ ಬರಲ್ಲ ಅಕ್ಕ. ನೀನು ಎಲ್ಲರಿಗೂ ಬೈತೀಯ. ಗೂಢಚಾರರು ನಯವಾಗಿ ಮಾತಾಡ್ತಾರೆ.”

ಅನುಮಾನ ಬರಲಿಲ್ಲ. ಶತ್ರುಗಳು ಮುನ್ನೂರು ಜನ, ಅವರದ್ದೊಂದು ದೊಡ್ಡ ನಿಲ್ದಾಣ. ಟೀಚರ್ ಒಳಗೆ ಹೋಗಿ ನೋಡಿದರೆ ಯುದ್ಧದಲ್ಲಿ ಒಡೆದ ನೌಕೆಗಳಿಗಿಂತ ನಿಲ್ದಾಣದ ಗೋಡೆಗೆ ಬಡಿದು ಒಡೆದವೇ ಹೆಚ್ಚು. ಒಬ್ಬನಂತೂ ಒಂದು ವಾರದಲ್ಲಿ ನಾಲ್ಕು ನೌಕೆ ಗುದ್ದಿದ್ದ. ಅವನ ಅಡ್ಡಹೆಸರೇ ಬಂಪರ್. ಹೊರಗಿನ ಬದುಕಿನಲ್ಲಿ ಅವನು ಗಾಜಿನಂಗಡಿಯ ಕೆಲಸಗಾರ, ನಂಬುವುದು ಕಷ್ಟ.

ಟೀಚರಿಗೆ ಸಹಿಸಲಾಗಲಿಲ್ಲ. ಗೂಢಚಾರಿಕೆ ಒಂದು ಪಕ್ಕಕ್ಕಿಟ್ಟು ಪಾರ್ಕಿಂಗ್ ಪಾಠ ಶುರು ಮಾಡಿದರು.

“ಏನ್ರಪ್ಪ ಅವಸರ? ನಿಲ್ದಾಣ ಓಡಿಹೋಗುತ್ತಾ? ಮೊದಲು ವೇಗ ತಗ್ಗಿಸಿ. ಆಮೇಲೆ ಮೂತಿ ತಿರುಗಿಸಿ. ಹಿಂದೆ ಯಾರಿದ್ದಾರೆ ನೋಡಿದ್ರಾ? ನೋಡ್ಲಿಲ್ಲ. ಬಾಹ್ಯಾಕಾಶದಲ್ಲಿ ಹಿಂದೆ ಯಾರೂ ಇರಲ್ಲ ಅಂತ ನಿಮಗೆ ಯಾರು ಹೇಳಿದ್ದು, ನಿಮ್ಮ ಮಾವನಾ?”

ಹನ್ನೊಂದು ಹನ್ನೊಂದು ಜನರ ಬ್ಯಾಚು. ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ತರಗತಿ. ಅದಾದ ಮೇಲೆ ತಮ್ಮನಿಗೆ ವರದಿ. ಮೊದಲ ವರ್ಷ ವರದಿಯಲ್ಲಿ ನೌಕೆಗಳ ಸಂಖ್ಯೆ, ಕಾವಲಿನ ವೇಳೆ ಎಲ್ಲ ಇರುತ್ತಿತ್ತು. ಮೂರನೇ ವರ್ಷಕ್ಕೆ ಅದು ಇಷ್ಟಕ್ಕೆ ಇಳಿಯಿತು: “ಇವತ್ತು ಬಂಪರ್ ಒಂದೇ ಏಟಿಗೆ ನಿಲ್ಲಿಸಿದ, ಕಣೋ!”

(ಇಲ್ಲಿ ನಾನು ಎರಡು ಪುಟ ಬರೆದು ಹರಿದೆ. ಭ್ರಮೆ ಯಾವುದು, ವಾಸ್ತವ ಯಾವುದು, ನಾವೆಲ್ಲರೂ ಯಾರದೋ ಆಟದ ಕಾಯಿಗಳಲ್ಲವೇ ಎಂಬಂಥ ಮಾತುಗಳು. ನಿಮ್ಮ ಪುಣ್ಯ.)

೪

ಮೂರು ಎಲ್ಲಿ ಎಂದು ಕೇಳಬೇಡಿ. ಆ ಎರಡು ಪುಟವೇ ಮೂರು.

ಆರು ತಿಂಗಳ ಹಿಂದೆ ಶತ್ರುಗಳು ಟೀಚರಿಗೆ ಕೀಲಿ ಕೊಟ್ಟರು. ನಿಲ್ದಾಣದ ಸುತ್ತ ಒಂದು ರಕ್ಷಾಕವಚವಿದೆ. ಅದನ್ನು ಇಳಿಸುವ ಸಂಕೇತವೇ ಆ ಕೀಲಿ; ಇಡೀ ಪಡೆಯಲ್ಲಿ ನಾಲ್ಕೇ ಜನರ ಬಳಿ ಇತ್ತು. ಈಗ ಟೀಚರ್ ಐದನೆಯವರು. ಕವಚ ಇಳಿದರೆ ಹೊರಗೆ ಕಾದಿರುವವರು ಇಪ್ಪತ್ತು ನಿಮಿಷದಲ್ಲಿ ಎಲ್ಲವನ್ನೂ ಪುಡಿ ಮಾಡಬಹುದು.

ಈ ಭಾನುವಾರ, ಸಂಜೆ ನಾಲ್ಕಕ್ಕೆ ಎಂದು ತಮ್ಮ ಗೊತ್ತು ಮಾಡಿದ.

ಮೂರೂ ಮುಕ್ಕಾಲಕ್ಕೆ ಬಂದು ಬಾಗಿಲಿಗೊರಗಿ ನಿಂತ.

“ಅಕ್ಕ, ನೂರ ನಲವತ್ತು ಜನ ಹೊರಗೆ ಕಾಯ್ತಿದ್ದಾರೆ.”

“ಕಾಯ್ಲಿ.”

“ನಾಲ್ಕು ವರ್ಷದಿಂದ ಕಾದಿದ್ದಾರೆ.”

“ಹಾಗಾದ್ರೆ ಅಭ್ಯಾಸ ಆಗಿರುತ್ತೆ.”

“ತಮಾಷೆ ಮಾಡ್ಬೇಡ. ಒಬ್ಬ ಮಗಳ ಹುಟ್ಟುಹಬ್ಬ ಬಿಟ್ಟು ಬಂದಿದ್ದಾನೆ. ನಾನು ಎಲ್ಲರಿಗೂ ಮಾತು ಕೊಟ್ಟಿದ್ದೀನಿ.”

“ಹೋಗು, ನಿನ್ನ ಜಾಗದಲ್ಲಿ ಕೂತ್ಕೋ” ಅಂದರು ಟೀಚರ್. ಅವನು ಹೋದ. ಅಕ್ಕ ಹೂಂ ಅಂದಳೋ ಉಹೂಂ ಅಂದಳೋ ಅವನಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ, ಬರೆಯುತ್ತಿರುವವನು ನಾನಾದರೂ.

ಪೇಚು ಇಷ್ಟು: ಕವಚ ಇಳಿಸಿದರೆ, ತಾವೇ ಕೈಹಿಡಿದು ಕಲಿಸಿದ ಮುನ್ನೂರು ಜನ ವರ್ಷಗಟ್ಟಲೆ ಕಟ್ಟಿದ ಮನೆ ಹೋಗುತ್ತದೆ. ಇಳಿಸದಿದ್ದರೆ ತಮ್ಮ ಹೋಗುತ್ತಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವುದಕ್ಕೆ ಇಲ್ಲಿ ಹಾವು ಯಾವುದು, ಕೋಲು ಯಾವುದು ಎಂಬುದೇ ಸ್ಪಷ್ಟವಿಲ್ಲ.

೫. ಅಂತ್ಯಗಳು (ಬೇಕಾದ್ದು ಆರಿಸಿಕೊಳ್ಳಿ ಎನ್ನುವ ಆಸೆಯಿತ್ತು)

ಅ) ಟೀಚರ್ ಕವಚ ಇಳಿಸುತ್ತಾರೆ. ನಿಲ್ದಾಣ ಉರಿಯುತ್ತದೆ. ಬೆಂಕಿಯ ನಡುವೆ ಬಂಪರ್‌ನ ನೌಕೆ ತನ್ನ ಜಾಗದಲ್ಲಿ ಅಚ್ಚುಕಟ್ಟಾಗಿ ನಿಂತಿರುತ್ತದೆ. ಎದೆ ಒಡೆಯುವ ಅಂತ್ಯ. ವಿಮರ್ಶಕರು ತಲೆದೂಗುತ್ತಾರೆ.

ಆ) ಟೀಚರ್ ಸಂಕೇತ ಒತ್ತುತ್ತಾರೆ, ಏನೂ ಆಗುವುದಿಲ್ಲ. ಕೀಲಿ ನಕಲಿ! ಶತ್ರುಗಳು ಅವರನ್ನು ಒಂದು ದಿನವೂ ನಂಬಿರಲಿಲ್ಲ. ಓದುಗರು ಬೆಚ್ಚಿಬೀಳುತ್ತಾರೆ.

“ಎರಡೂ ಬೇಡ” ಅಂದರು ಟೀಚರ್.

“ಯಾಕೆ?”

“ಮೊದಲನೇದರಲ್ಲಿ ನಾನು ಕೆಟ್ಟವಳು. ಎರಡನೇದರಲ್ಲಿ ನಾನು ಕೆಟ್ಟವಳು, ಮೇಲಾಗಿ ದಡ್ಡಿ. ನಾನೇ ಹೇಳಿಬಿಡ್ತೀನಿ.”

“ಯಾರಿಗೆ?”

“ಅವರಿಗೆ. ಎಲ್ಲರಿಗೂ. ಇಂಥವಳು ನಾನು ಅಂತ. ಆಮೇಲೆ ಹೊರಗೆ ಹಾಕ್ತಾರೋ ಏನ್ಮಾಡ್ತಾರೋ ಮಾಡ್ಲಿ. ನಾಲ್ಕು ವರ್ಷದಿಂದ ಅವರು ಥ್ಯಾಂಕ್ಸ್ ಟೀಚರ್ ಅಂದಾಗಲೆಲ್ಲ ಮೈಕ್ ಆಫ್ ಮಾಡಿಬಿಡ್ತೀನಿ. ಸಾಕು.”

“ತಪ್ಪೊಪ್ಪಿಗೆಯಿಂದ ಕಥೆ ಮುಂದಕ್ಕೆ ಹೋಗುವುದಿಲ್ಲ, ಟೀಚರ್.”

“ಹೋಗದಿದ್ರೆ ಇಳಿದು ತಳ್ಳಿ.”

೬

ನಾಲ್ಕಕ್ಕೆ ಎರಡು ನಿಮಿಷವಿತ್ತು. ಪಡೆಯವರೆಲ್ಲ ಒಟ್ಟಿಗೆ ಮಾತಾಡುವ ಧ್ವನಿಕೋಣೆ ಆಟದಲ್ಲಿದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟೀಚರ್ ಮೈಕ್ ಒತ್ತಿದರು. ಅವರ ದನಿ ಇಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

“ಒಂದು ವಿಷಯ ಹೇಳ್ಬೇಕು. ನಾನು... ನಾನು ನಿಮ್ಮವಳಲ್ಲ. ಆ ಕಡೆಯವರು ಕಳಿಸಿದ್ದು ನನ್ನನ್ನ. ಮೊದಲ ದಿನದಿಂದಲೂ. ಈಗ ಹೊರಗಿರೋ ನೂರ ನಲವತ್ತು ಜನ ನಾನು ಕವಚ ಇಳಿಸ್ಲಿ ಅಂತಲೇ ಕಾಯ್ತಿದ್ದಾರೆ. ನಾನು ಇಳಿಸಲ್ಲ. ಕೀಲಿ ವಾಪಸ್ ತಗೊಳ್ಳಿ. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ.”

ಮೌನ.

(ಈ ಮೌನಕ್ಕೆ ನಾನೊಂದು ಒಳ್ಳೆಯ ಉಪಮೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಬಂಪರ್ ಬಾಯಿ ಹಾಕಿದ.)

“ಗೊತ್ತು ಟೀಚರ್. ಪಾಠ ಇದೆಯಾ ಇಲ್ವಾ ಇವತ್ತು?”

“ಏನು ಗೊತ್ತು?”

“ನೀವು ಗೂಢಚಾರಿಣಿ ಅಂತ. ಎಲ್ಲರಿಗೂ ಗೊತ್ತಲ್ಲ?”

ಆಗ ಪಡೆಯ ನಾಯಕಿ ಮಾತಾಡಿದರು. ಆಕೆ ಅರಿವಳಿಕೆ ವೈದ್ಯೆ. ಆಪರೇಷನ್‌ಗೆ ಮುಂಚೆ ರೋಗಿಗಳನ್ನು ನಿದ್ದೆಗೆ ಕಳಿಸುವುದು ಅವರ ವೃತ್ತಿ. ದನಿಯೂ ಅಂಥದ್ದೇ, ಎಲ್ಲರೂ ಡಾಕ್ಟ್ರಮ್ಮ ಅನ್ನುತ್ತಾರೆ.

“ಎರಡನೇ ವರ್ಷದಿಂದ ಗೊತ್ತಮ್ಮ. ಏಳನೇ ಬ್ಯಾಚ್. ನಿಮ್ಮ ಮೈಕ್ ಆನ್ ಇತ್ತು. ಯಾರೋ ಗಂಡಸರು ನಿಮ್ಮ ಕೋಣೆಗೆ ಬಂದು, ಅಕ್ಕ, ಅವರ ಕವಚದ ಕೀಲಿ ಯಾರ್ಯಾರ ಹತ್ತಿರ ಇದೆ ಅಂದ್ರು. ನೀವು, ಸುಮ್ನಿರೋ, ಪಾಠ ನಡೀತಿದೆ ಅಂದ್ರಿ.”

“ಆಮೇಲೆ ನನಗೆ, ಎಡಕ್ಕೆ ಅಂದ್ರೆ ಎಡಕ್ಕೆ ತಿರುಗಿಸ್ಬೇಕು, ನಿನ್ನ ಇಷ್ಟದ ಎಡಕ್ಕಲ್ಲ ಅಂತ ಬೈದ್ರಿ” ಅಂದ ಬಂಪರ್.

ಬೆಕ್ಕು ಎರಡು ವರ್ಷದಿಂದ ಕಣ್ಣುಮುಚ್ಚಿ ಹಾಲು ಕುಡಿಯುತ್ತಿತ್ತು. ಮುನ್ನೂರು ಜನ ಸುತ್ತ ನಿಂತು ಬಟ್ಟಲು ಹಿಡಿದುಕೊಂಡಿದ್ದರು.

“ಮತ್ತೆ ನನ್ನನ್ನ ಯಾಕೆ ಹೊರಗೆ ಹಾಕ್ಲಿಲ್ಲ?”

“ಸಭೆ ಸೇರಿದ್ವಿ. ಈಗ ಹಾಕಿದ್ರೆ ಏಳನೇ ಬ್ಯಾಚ್ ಅರ್ಧಕ್ಕೇ ನಿಲ್ಲುತ್ತೆ, ಮುಗೀಲಿ ಅಂದ್ವಿ. ಅಷ್ಟರಲ್ಲಿ ನೀವು ಎಂಟನೇದು ಶುರು ಮಾಡಿದ್ರಿ” ಅಂದರು ಡಾಕ್ಟ್ರಮ್ಮ.

“ಕೀಲಿ ಯಾಕೆ ಕೊಟ್ರಿ? ನಕಲಿನಾ?”

“ಅಪ್ಪಟ. ನಿಮಗೆ ನಕಲಿ ಕೊಡೋಕೆ ಯಾರಿಗೂ ಮನಸ್ಸು ಬರಲಿಲ್ಲ.”

“ನಾನು ಇಳಿಸಿಬಿಟ್ಟಿದ್ರೆ?”

“ಇಳಿಸಿಬಿಟ್ಟಿದ್ರೆ ಹೋಗ್ತಿತ್ತು.” ಅಂದರು ಡಾಕ್ಟ್ರಮ್ಮ. “ದಿನಾ ಯಾರ್ಯಾರೋ ಬಂದು ನನ್ನ ಮುಂದೆ ಕಣ್ಣು ಮುಚ್ತಾರೆ. ಐದು ನಿಮಿಷದ ಪರಿಚಯ ಅಷ್ಟೆ. ನಿಮ್ಮನ್ನ ನಾವು ನಾಲ್ಕು ವರ್ಷ ನೋಡಿದ್ದೀವಿ.”

ಟೀಚರ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಎದ್ದು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಮುಖ ತೊಳೆದುಕೊಂಡರು. ತುಂಬ ಹೊತ್ತು ತೊಳೆದರು. ಒಂದು ನಗು ಹೊರಟಿತು. ಮೊದಲು ಕೆಮ್ಮು ಅಂದುಕೊಂಡೆ.

ನನಗೂ ಹೆಗಲಿನಿಂದ ಮೂಟೆ ಇಳಿದಂತಾಯಿತು. ಕಥೆ ಬರೆಯುತ್ತ ಈ ಗುಟ್ಟನ್ನು ಎರಡು ತಿಂಗಳು ಹೊತ್ತುಕೊಂಡಿದ್ದ ಹೊರಗಿನವನು ನಾನೊಬ್ಬನೇ ಎಂದು ತಿಳಿದಿದ್ದೆ. ನನಗಿಂತ ಮೊದಲೇ ಮುನ್ನೂರು ಜನಕ್ಕೆ ತಿಳಿದಿದ್ದ ಗುಟ್ಟು! ಗುಟ್ಟು ರಟ್ಟಾದ ಮೇಲೆ ಕಥೆಗಾರನಿಗೆ ಏನು ಕೆಲಸ? ಕಾಗದ ಮಡಿಸಿ ಏಳುವುದರಲ್ಲಿದ್ದೆ.

೭

“ಸ್ವಾಮಿ, ಸ್ವಲ್ಪ ನಿಲ್ಲಿ.”

ತಮ್ಮ. ಗೋಡೆಯ ಆಚೆಯಿಂದ.

“ಇಡೀ ಕಥೇಲಿ ನನಗೆ ಕೊಟ್ಟಿರೋ ಮಾತು ಬೆರಳೆಣಿಕೆ. ಎಲ್ಲಾ ಖಳನಾಯಕನವೇ. ನಾನು ಲಿಫ್ಟಲ್ಲಿ ಸಿಕ್ಕಿಬಿದ್ದವರನ್ನ ಹೊರಗೆ ತೆಗೆಯೋನು. ಅದರ ಬಗ್ಗೆ ಒಂದು ಸಾಲು ಇಲ್ಲ.”

“ತಪ್ಪಾಯಿತು. ಈಗ ಹೇಳಿ.”

“ಹೋದ ವಾರ ಅಕ್ಕ ಕೊಟ್ಟ ವರದಿ ಏನು ಗೊತ್ತಾ? ಬಂಪರ್‌ಗೆ ಹಲ್ಲುನೋವು ವಾಸಿಯಾಯ್ತು ಅಂತ. ಒಬ್ಬ ಸೇನಾಪತಿಗೆ ಅದರಿಂದ ಏನು ಗೊತ್ತಾಗಬೇಕು?”

“ಏನು ಗೊತ್ತಾಯಿತು?”

“ಗೊತ್ತಾಗಬೇಕಾದ್ದೇ ಗೊತ್ತಾಯ್ತು. ಅವಳು ಇಳಿಸಲ್ಲ ಅಂತ. ಆದ್ರೂ ದಿನ ಗೊತ್ತು ಮಾಡ್ದೆ. ನನಗೆ ಬಂದು ಹೇಳ್ತಾಳೆ ಅಂದ್ಕೊಂಡಿದ್ದೆ, ಆಗಲ್ಲ ಕಣೋ ಅಂತ. ಅಷ್ಟು ಹೇಳಿದ್ರೆ ಸಾಕಿತ್ತು, ನಾನೇ ಎಲ್ಲರನ್ನೂ ವಾಪಸ್ ಕಳಿಸ್ತಿದ್ದೆ.” ಅವನ ದನಿ ಗೋಡೆಗೆ ಹತ್ತಿರವಾಯಿತು. “ಮುನ್ನೂರು ಜನಕ್ಕೆ ಹೇಳಿದ್ಳು. ಗೋಡೆ ಆಚೆ ನಾನಿದ್ದೆ.”

ಒಮ್ಮೊಮ್ಮೆ ಪಾತ್ರಗಳು ಹೀಗೆ, ಲೇಖಕ ನೋಡದ ಕಡೆಯೇ ನೋವು ಮಾಡಿಕೊಂಡು ಕೂತಿರುತ್ತವೆ.

ಅವನು ತನ್ನ ಪಡೆಗೆ ಎರಡು ಸಾಲು ಕಳಿಸಿದ: ‘ಇವತ್ತು ಯುದ್ಧ ಇಲ್ಲ. ಮಗಳ ಹುಟ್ಟುಹಬ್ಬ ಇರೋರು ಬೇಗ ಹೊರಡಿ.’ ಕೆಲವರು ಬೈದರು. ಒಬ್ಬ ಮಾತ್ರ, ಬದುಕಿಕೊಂಡೆ, ಕೇಕ್ ಇನ್ನೂ ಕತ್ತರಿಸಿಲ್ಲವಂತೆ, ಎಂದು ಬರೆದು ಮಾಯವಾದ. ಕುರ್ಚಿ ಹಿಂದಕ್ಕೆ ಸರಿದ ಸದ್ದು. ಚಪ್ಪಲಿಯ ಸದ್ದು. ಆಮೇಲೆ ಸದ್ದಿಲ್ಲ.

೮

ಅವನು ಈಗ ಅಕ್ಕನ ಕೋಣೆಯ ಹೊರಗೆ ನಿಂತಿದ್ದಾನೆ.

ಮೂರು ಅಂತ್ಯ ಬರೆದಿಟ್ಟಿದ್ದೇನೆ. ಒಂದರಲ್ಲಿ ಅವನು ಬೈಯುತ್ತಾನೆ, ಅವರು ಅಳುತ್ತಾರೆ. ಒಂದರಲ್ಲಿ ಅವರು ಬೈಯುತ್ತಾರೆ, ಅವನು ಅಳುತ್ತಾನೆ. ಇನ್ನೊಂದರಲ್ಲಿ ಇಬ್ಬರೂ ಸುಮ್ಮನೆ ಚಹಾ ಕುಡಿಯುತ್ತಾರೆ. ಅದು ನನಗೆ ಇಷ್ಟವಾದದ್ದು, ಆದ್ದರಿಂದಲೇ ಅನುಮಾನ.

ಟೀಚರಿಗೆ ಮೂರನ್ನೂ ತೋರಿಸಲು ಹೋದೆ. ಆಗಲೇ ಕೋಣೆಗೆ ಬಂದು ಮುಖ ಒರೆಸಿಕೊಳ್ಳುತ್ತಿದ್ದರು.

“ನೀವಿನ್ನೂ ಇಲ್ಲೇ ಇದ್ದೀರಾ?”

“ಕೊನೆ ಆಗಿಲ್ಲವಲ್ಲ.”

“ಅದು ನನ್ನ, ಅವನ ವಿಷಯ. ನಿಮ್ಮ ಓದುಗರಿಗೆ ಹೇಳಿ, ಯಾರಿಗೂ ಏನೂ ಆಗಿಲ್ಲ, ಎಲ್ಲರೂ ಸುಖವಾಗಿದ್ದಾರೆ ಅಂತ.”

“ಅಷ್ಟಕ್ಕೆ ಅವರು ಒಪ್ಪುವುದಿಲ್ಲ.”

“ಒಪ್ಪದಿದ್ರೆ ಬೇರೆ ಕಥೆ ಓದ್ಲಿ. ನೀವು ಆ ಕಡೆ ತಿರುಗಿ.”

ತಿರುಗಿದೆ. ಕಿಟಕಿಯಿಂದ ಬೀದಿ ಕಾಣುತ್ತದೆ. ಯಾರದೋ ಕಾರು, ಯಾರೋ ಒರೆಸುತ್ತಿದ್ದಾರೆ. ಇಳಿಬಿಸಿಲು ಗಾಜಿನ ಮೇಲೆ ಬಿದ್ದಿದೆ. ವರ್ಣಿಸಲು ಒಳ್ಳೆಯ ಸಮಯ, ಆದರೆ ನನ್ನ ಗಮನವೆಲ್ಲ ಬೆನ್ನ ಹಿಂದೆ.

ಮೆಲ್ಲಗೆ ಎರಡು ಸಲ ಬಾಗಿಲು ತಟ್ಟಿದ ಸದ್ದು. ಒಂದೇ ಮನೆಯಲ್ಲಿದ್ದು ಇಷ್ಟು ವರ್ಷ ಅವನು ಬಾಗಿಲು ತಟ್ಟಿದವನೇ ಅಲ್ಲ.

“ಚಿಲಕ ಹಾಕಿಲ್ಲ ಕಣೋ” ಅಂದರು ಟೀಚರ್, “ಬಾ.”

ಅವನು ಒಳಗೆ ಬಂದನೇ ಎಂದು ಕೇಳುತ್ತೀರಿ. ನಾನು ಕಿಟಕಿಯ ಕಡೆ ತಿರುಗಿದ್ದೇನೆ, ನನಗೆ ಕಾಣುತ್ತಿಲ್ಲ. ಇಣುಕಿ ನೋಡಬಹುದು, ಲೇಖಕನಿಗೆ ಆ ಹಕ್ಕಿದೆ. ನೋಡುವುದಿಲ್ಲ.