ಔಡಲೆಣ್ಣೆಯ ಮೇಲಿನ ಹಸಿರು

ಬೆಳಗಿನ ಆಟದಲ್ಲಿ ನಗೆಪಾಟಲಾದಾಗಿನಿಂದ ವಿಶಾಖಾಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಮಾನ್ವಿಯ ಕಾಲೇಜು ಮೈದಾನದಲ್ಲಿ ಹುಡುಗಿಯರ ಕಬಡ್ಡಿ. ದೇವದುರ್ಗದ ತಂಡದವರ ಕಿವಿಯ ಹಿಂದೆ ಅಂಗಿಯ ಗುಂಡಿಯಷ್ಟು ಸೆನ್ಸರ್ ಪಟ್ಟಿ ಅಂಟಿಸಿದವಳು ಅವಳೇ. ತಲೆಗೆ ಬಿದ್ದ ಪೆಟ್ಟನ್ನು ಪಟ್ಟಿ ಅಳೆಯಬೇಕು, ಅವಳ ಫೋನು ಹಸಿರೋ ಕೆಂಪೋ ಹೇಳಬೇಕು. ಆ ಅಳತೆ ಎಷ್ಟು ನಂಬಿಗಸ್ತ ಎಂದು ನೋಡಲು ರಾಯಚೂರಿನ ಸಂಶೋಧಕರು ಅವಳನ್ನು ಕಳಿಸಿದ್ದರು.

ಬೆಳಿಗ್ಗೆ ಅಂಕ ಬಂದ ಖುಷಿಗೆ ಶಿವಗಂಗಾ ಗೆಳತಿ ಮೌನೇಶ್ವರಿಯ ತಲೆಗೆ ಫಟ್ಟೆಂದು ಬಾರಿಸಿದ್ದಳು. ಫೋನು ಕೆಂಪಾಯಿತು. ವಿಶಾಖಾ ಓಡಿಹೋಗಿ ಮೌನೇಶ್ವರಿಯನ್ನು ಹೊರಗೆ ಕೂರಿಸಿದಳು. ತಂಡ ಸೋಲುತ್ತ ಸೋಲುತ್ತ ಗೆದ್ದಿತು.

"ಶಿವಗಂಗಾ, ಮೆಲ್ಲಕ ಹೊಡಿಯೇ," ಎಂದು ಕೋಚ್ ಶಿವರಾಜ ಎಲ್ಲರೆದುರು ಕೈ ಮುಗಿದಿದ್ದರು. "ಈಕಿ ಮಿಷಿನ್‌ಗೆ ಚಪ್ಪಾಳಿ ತಟ್ಟಿದ್ರೂ ಆಂಬುಲೆನ್ಸ್ ಬೇಕಾಗ್ತದ!"

ಹುಡುಗಿಯರು ಬಿದ್ದು ಬಿದ್ದು ನಕ್ಕರು. ವಿಶಾಖಾ ನೆಲ ನೋಡಿದಳು. ಮಾತಾಡಬೇಕಾದಲ್ಲೆಲ್ಲ ನೆಲ ನೋಡುವುದು ಅವಳಿಗೆ ತನ್ನೂರು ಮಸರಕಲ್ಲಿನ ಶಾಲೆಯಿಂದಲೇ ಬಂದ ಅಭ್ಯಾಸ.

ಈಗ ಫೈನಲ್ಲು. ಮೊದಲರ್ಧ ಮುಗಿಯುವ ಹೊತ್ತಿಗೆ ಎದುರಾಳಿಯ ಕಾಲು ಹಿಡಿಯಲು ಹಾರಿದ ಮೌನೇಶ್ವರಿಯ ತಲೆಗೆ ಆ ಎದುರಾಳಿಯ ಮೊಣಕಾಲು ಬಡಿಯಿತು. ತೆಂಗಿನಕಾಯಿ ಒಡೆದಂಥ ಸದ್ದು. ಮೌನೇಶ್ವರಿ ಎದ್ದಳು, ಮಣ್ಣು ಕೊಡವಿಕೊಂಡಳು, ಎದುರಾಳಿಗಳ ಬೆಂಚಿನ ಕಡೆ ನಡೆದಳು. ಶಿವಗಂಗಾ ತೋಳು ಹಿಡಿದು ತಿರುಗಿಸಿದಳು.

ವಿಶಾಖಾ ಫೋನು ನೋಡಿದಳು. ಹಸಿರು.

ಅವಳ ಕಣ್ಣು ಸುಳ್ಳೋ, ಫೋನು ಸುಳ್ಳೋ? ಬೆಳಗಿನ ಹಾಗೆ ಮತ್ತೆ ನಗೆಪಾಟಲಾಗುವುದೇ? ಎರಡು ಹೆಜ್ಜೆ ಮುಂದಿಟ್ಟಳು, ಹಿಂದೆ ಬಂದಳು, ಮತ್ತೆ ಹೋದಳು.

"ಮೌನೇಶ್ವರಿ, ಈಗ ಯಾರ ಕೂಡ ಆಡಾಕತ್ತೀರಿ?"

"ಲಿಂಗಸುಗೂರಿನವ್ರ ಕೂಡ," ಎಂದಳು ಆಕೆ. ಲಿಂಗಸುಗೂರಿನವರು ಬೆಳಿಗ್ಗೆಯೇ ಸೋತು ಬಸ್ ಹತ್ತಿದ್ದರು.

ಪಟ್ಟಿ ಸರಿಯಾಗಿದೆಯೇ ಎಂದು ವಿಶಾಖಾ ಆಕೆಯ ಕಿವಿಯ ಹಿಂದೆ ಬೆರಳಿಟ್ಟಳು. ಬೆರಳು ಜಾರಿತು. "ಎಣ್ಣಿ ಹಚ್ಚೀರೇನು?"

"ಊಟ ಆದಮ್ಯಾಲೆ ಅವ್ವ ಹಚ್ಯಾಳ. ಔಡಲೆಣ್ಣಿ. ಬಿಸಲಿಗೆ ನೆತ್ತಿ ತಂಪಿರ್ಲಿ ಅಂತ."

ಬೇಲಿಯಾಚೆ ತಾಯಿ ಪಾರ್ವತೆಮ್ಮ ಆ ಹರಳೆಣ್ಣೆಯ ಬಾಟಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎಣ್ಣೆ ನೆತ್ತಿಯಿಂದ ಇಳಿದು ಪಟ್ಟಿಯ ಅಡಿಗೆ ಸೇರಿತ್ತು.

ದ್ವಿತೀಯಾರ್ಧದ ಸೀಟಿ ಕೇಳಿಸಿತು. "ಮೌನೇಶ್ವರಿ, ನಡಿಯವ್ವಾ," ಎಂದರು ಶಿವರಾಜ. "ಎರಡೇ ಪಾಯಿಂಟ್ ಹಿಂದದೀವಿ."

"ಬ್ಯಾಡ್ರೀ ಸರ್," ಎಂದಳು ವಿಶಾಖಾ. ದನಿ ಅವಳಿಗೇ ಕೇಳಲಿಲ್ಲ. ಇನ್ನೊಮ್ಮೆ ಎಂದಳು.

"ಏನಂತದವಾ ನಿನ್ನ ಮಿಷಿನ್?"

"ಹಸರು ಅಂತದ್ರೀ."

"ಮತ್ತ? ಮುಂಜಾನಿ ಮಿಷಿನ್ ಹೇಳ್ತು ಅಂತ ಕುಂದ್ರಿಸಿದಿ. ಈಗ ಮಿಷಿನ್ ಬಿಟ್ರೂ ನೀ ಬಿಡವಲ್ಲಿ!"

ಶಿವಗಂಗಾ ಸಹ ಈ ಸಲ ನಗಲಿಲ್ಲ. ವಿಶಾಖಾ ಮೌನೇಶ್ವರಿಯ ಕಿವಿಯನ್ನು ಕೋಚ್ ಕಡೆ ತಿರುಗಿಸಿ, ಪಟ್ಟಿಯನ್ನು ಒಂದೇ ಬೆರಳಿಂದ ತಳ್ಳಿದಳು. ಅದು ಕೆರೆಯ ಪಾಚಿಯ ಮೇಲೆ ಜಾರಿದಂತೆ ಕುತ್ತಿಗೆಯವರೆಗೆ ಸರಿಯಿತು.

"ತೆಲಿ ಅಳ್ಳಾಡಿದಷ್ಟು ಇದು ಅಳ್ಳಾಡಿಲ್ರೀ ಸರ್. ಎಣ್ಣಿ ಮ್ಯಾಲೆ ತೇಲ್ಯಾದ. ಮುಂಜಾನಿ ಪಟ್ಟಿ ಹತ್ರದ ಚರ್ಮಕ್ಕಷ್ಟ ಕೈ ಬಡೀತು, ಕೆಂಪಾತು. ಈಗ ತೆಲಿಗೇ ಬಿದ್ದದ, ಇದಕ್ಕ ಗೊತ್ತೇ ಇಲ್ಲ."

"ಫೈನಲ್ ಅದ ಬೇ ಇದು!"

ಮೌನೇಶ್ವರಿ ಗೆರೆಯ ಕಡೆ ಹೊರಟಳು. ವಿಶಾಖಾ ಆಕೆಯ ಮಣಿಕಟ್ಟು ಹಿಡಿದಳು. ಮೈದಾನವೆಲ್ಲ ನೋಡುತ್ತಿತ್ತು. ನೆಲ ನೋಡಬೇಕೆನಿಸಿತು, ನೋಡಿದಳು ಕೂಡ. ಕೈ ಮಾತ್ರ ಬಿಡಲಿಲ್ಲ.

ರೆಫರಿ ಎರಡನೇ ಸೀಟಿ ಊದಿದ. ಶಿವರಾಜ ಹಲ್ಲು ಕಡಿದು ಬೇರೆ ಹುಡುಗಿಯನ್ನು ಇಳಿಸಿದರು.

ದೇವದುರ್ಗ ಸೋತಿತು. ಜೀಪು ರಾಯಚೂರಿನ ಆಸ್ಪತ್ರೆಯ ಕಡೆ ಹೊರಟಾಗ ಶಿವರಾಜ ಮುಂದಿನ ಸೀಟಿನಲ್ಲಿ ಕೂತಿದ್ದರು. ಹಿಂದೆ ತಾಯಿಯ ತೊಡೆಯ ಮೇಲೆ ತಲೆಯಿಟ್ಟಿದ್ದ ಮೌನೇಶ್ವರಿ, "ಆಟ ಯಾವಾಗ ಚಾಲೂ?" ಎಂದು ಕೇಳಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಕಲ್ಲೂರು ದಾಟುವಾಗ ವಾಂತಿ ಮಾಡಿಕೊಂಡಳು.

ಶಿವರಾಜ ಹಿಂದಕ್ಕೆ ತಿರುಗಿದರು. "ಈಗೇನಂತದ ನಿನ್ನ ಮಿಷಿನ್?"

ವಿಶಾಖಾ ಫೋನು ತೋರಿಸಿದಳು. "ಇನ್ನೂ ಹಸರೇ ಅದರೀ."

ಅವರು ಅದನ್ನೂ ನೋಡಿದರು, ಮೌನೇಶ್ವರಿಯ ಮುಖವನ್ನೂ ನೋಡಿದರು. ಆಮೇಲೆ ಡ್ರೈವರನ ಭುಜ ತಟ್ಟಿದರು.

"ವಸೀಮ್, ಜಲ್ದಿ ಓಡ್ಸಪ್ಪಾ."